ಆಷಾಢದ ಫೋಟೊ

ನಮ್ಮ ಮದುವೆಯ ಆಲ್ಬಮ್ ತೆರೆದು ನೋಡಿದವರಿಗೆ ಆ ಮದುವೆ ಚಿಕ್ಕಬಳ್ಳಾಪುರದ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತೆಂದರೆ ನಂಬುವುದು ಕಷ್ಟ. ಮೊದಲ ಪುಟದಲ್ಲೇ ನಾನೂ ನನ್ನ ಗಂಡನೂ ಹಿಮದ ಬೆಟ್ಟದ ಮುಂದೆ ನಿಂತಿದ್ದೇವೆ. ನನಗೆ ಧಾರೆ ಸೀರೆ, ಅವರಿಗೆ ಪಂಚೆ ಮತ್ತು ಪೇಟ. ಇಬ್ಬರ ಕಾಲಲ್ಲೂ ಚಪ್ಪಲಿ ಸಹ ಇಲ್ಲ. ಮುಂದಿನ ಪುಟದಲ್ಲಿ ಟುಲಿಪ್ ಹೂವಿನ ತೋಟ, ಅದರಾಚೆ ಒಂದು ಗಾಳಿಯಂತ್ರ, ನಡುವೆ ಆರತಿ ತಟ್ಟೆ ಹಿಡಿದುಕೊಂಡ ನನ್ನ ಸೋದರತ್ತೆ. ಅದಾದ ಮೇಲೆ ಪ್ಯಾರಿಸ್ಸಿನ ಗೋಪುರ. ಡಿಜಿಟಲ್ ಆಲ್ಬಮ್ ಎನ್ನುವುದು ನಮ್ಮೂರಿಗೆ ಆಗತಾನೇ ಕಾಲಿಟ್ಟಿದ್ದ ಕಾಲ ಅದು. ಸ್ಟುಡಿಯೋದವನು ಗ್ಯಾಸ್ ಸ್ಟೌವಿನಷ್ಟು ದೊಡ್ಡದಾದ ಆ ಆಲ್ಬಮನ್ನು ಎರಡೂ ಕೈಯಲ್ಲಿ ಹೊತ್ತು ತಂದು, "ಅಣ್ಣ ಫಾರಿನ್‌ಗೆ ಹೋಗ್ತಾ ಇದಾರಲ್ಲ ಅಕ್ಕಾ, ಅದಕ್ಕೇ ಪೂರ್ತಿ ಫಾರಿನ್ ಸ್ಪೆಷಲ್ ಹಾಕಿದೀನಿ" ಎಂದಿದ್ದ. ಆಗ ನಮಗೆಲ್ಲ ಹೆಮ್ಮೆಯೋ ಹೆಮ್ಮೆ.

ನನ್ನ ಗಂಡ ಗೌರಿಬಿದನೂರಿನ ಒಂದು ಬಟ್ಟೆ ಮಿಲ್ಲಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಮಿಲ್ಲಿಗೆ ಜರ್ಮನಿಯಿಂದ ಹೊಸ ಮಗ್ಗದ ಮೆಷಿನ್ನುಗಳು ಬಂದಿಳಿದಾಗ ಅವುಗಳ ಹೊಟ್ಟೆಯೊಳಗೆ ಕೈ ಹಾಕಿ ಎಲ್ಲರಿಗಿಂತ ಬೇಗ ಪಳಗಿದವರು ಇವರೇ. ಮೆಷಿನ್ ಮಾಡುವ ಕಂಪನಿಯವರು ನೋಡಿದರು, ಮೆಚ್ಚಿದರು, ಎರಡು ವರ್ಷ ನಮ್ಮಲ್ಲಿ ಕೆಲಸ ಮಾಡು ಬಾ ಎಂದು ಕರೆದರು. ಆ ಸುದ್ದಿಯೂ ನಮ್ಮ ಮದುವೆಯ ಮಾತುಕತೆಯೂ ಒಟ್ಟಿಗೇ ನಡೆದವು. ಎರಡೂ ಗಡಿಬಿಡಿಯಲ್ಲೇ ಮುಗಿದವು. ಮದುವೆಯಾದ ವಾರಕ್ಕೆ ಆಷಾಢ ಬಂತು.

ಹೊಸದಾಗಿ ಮದುವೆಯಾದ ವರ್ಷ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಸೊಸೆ ತವರಿಗೆ ಹೋಗಬೇಕು, ಅಳಿಯ ಆ ಕಡೆ ಸುಳಿಯಬಾರದು. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಶಾಸ್ತ್ರ. ಆದರೆ ಎಲ್ಲರೂ ಅದನ್ನು ನಮ್ಮ ಅತ್ತೆಯಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಅತ್ತೆ ಅಂಗನವಾಡಿ ಟೀಚರ್. ಗಂಡ ತೀರಿಕೊಂಡ ಮೇಲೆ ಒಬ್ಬನೇ ಮಗನನ್ನು ಸಾಕಿ, ಓದಿಸಿ, ಕೆಲಸಕ್ಕೆ ಹಚ್ಚಿದವರು. ತವರು ಚಿಂತಾಮಣಿ, ಹಾಗಾಗಿ ಸಿಟ್ಟು ಬಂದರೂ ಸಂತೋಷವಾದರೂ ಬಾಯಿಂದ ಮೊದಲು ತೆಲುಗೇ ಬರುತ್ತಿತ್ತು. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡದೆ ಅವರು ಉಗುರು ಸಹ ಕತ್ತರಿಸುತ್ತಿರಲಿಲ್ಲ.

ಆಷಾಢ ಮುಗಿಯುವ ಮೊದಲೇ ನನ್ನ ಗಂಡನ ವಿಮಾನವಿತ್ತು. "ಹುಡುಗ ಹೊರಟೇ ಹೋಗ್ತಾನಲ್ಲ, ಈ ಸಲ ಸ್ವಲ್ಪ ನೋಡಿ ಮಾಡಿದ್ರಾಗಲ್ವಾ ಬೀಗಿತ್ತೀ?" ಎಂದು ನಮ್ಮಮ್ಮ ಸಹ ಮೆಲ್ಲಗೆ ಕೇಳಿದರು. ಅತ್ತೆ, "ಶಾಸ್ತ್ರ ಅಂದ್ರೆ ಶಾಸ್ತ್ರಾನೇ ಕಣಮ್ಮ. ನಾಳೆ ಏನಾದ್ರೂ ಹೆಚ್ಚು ಕಡಿಮೆ ಆದ್ರೆ?" ಎಂದು ಮಾತು ಮುಗಿಸಿದರು. ನನ್ನನ್ನು ಶಿಡ್ಲಘಟ್ಟದ ಬಸ್ಸು ಹತ್ತಿಸಿದರು. ನಮ್ಮಪ್ಪನದು ರೇಷ್ಮೆ ನೂಲು ತೆಗೆಯುವ ಕಸುಬು. ಗೂಡು ಬೇಯುವ ವಾಸನೆಯಲ್ಲೇ ಹುಟ್ಟಿ ಬೆಳೆದ ನನಗೆ ಅದೇ ಮೊದಲ ಸಲ ಆ ವಾಸನೆ ತಡೆಯಲಾಗಲಿಲ್ಲ. ಅಷ್ಟು ಉರಿದುಹೋಗಿದ್ದೆ ನಾನು. ಒಂದೇ ವಾರದಲ್ಲಿ ಮನುಷ್ಯರು ಎಷ್ಟು ಹಿಡಿಸಿಬಿಡಬಹುದು ಎನ್ನುವುದು ನನಗೆ ಗೊತ್ತಿರಲಿಲ್ಲ.

ಸುಮ್ಮನೆ ಕೂರುವ ಪೈಕಿ ನಾನಲ್ಲ. ಅವರೂ ಅಲ್ಲ ಎಂದು ಫೋನಿನಲ್ಲಿ ತಿಳಿಯಿತು. "ನಂದಿ ಬೆಟ್ಟಕ್ಕೆ ಬರ್ತೀಯಾ?" ಎಂದರು. ಬೆಂಗಳೂರಿನಲ್ಲಿ ಟಿಕೆಟ್ಟಿನ ಕೆಲಸವಿದೆ ಎಂದು ಅವರು ತಾಯಿಗೆ ಹೇಳಿದರು, ನಾನು ನಮ್ಮಮ್ಮನಿಗೆ ಗೆಳತಿಯ ಮನೆ ಎಂದೆ. ತೊಂದರೆ ಏನೆಂದರೆ, ಶಿಡ್ಲಘಟ್ಟದಿಂದ ನಂದಿಗೆ ಹೋಗುವವರು ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಬಸ್ಸು ಬದಲಾಯಿಸಬೇಕು, ಅತ್ತೆಯ ಮನೆ ಇರುವುದು ಅದರ ಹಿಂದಿನ ಬೀದಿಯಲ್ಲೇ. ತಲೆಯ ಮೇಲೆ ಸೆರಗು ಹೊದ್ದು, ಎಳನೀರು ಗಾಡಿಯ ಮರೆಯಲ್ಲಿ ನಿಂತು, ಬಸ್ಸು ಬಂದ ಕೂಡಲೇ ನುಗ್ಗಿ ಹತ್ತಿದೆ. ಕಟ್ಟಿಕೊಂಡ ಗಂಡನನ್ನು ನೋಡಲು ಕಳ್ಳಿಯ ಹಾಗೆ ಹೋದವಳು ನಾನೊಬ್ಬಳೇ ಇರಲಾರೆ.

ಬೆಟ್ಟದ ಮೇಲೆ ಆಷಾಢದ ಗಾಳಿ ಎಂದರೆ ಕೇಳಬೇಕೇ. ಸೀರೆ ಹಿಡಿದುಕೊಳ್ಳಲೋ ಕೂದಲು ಹಿಡಿದುಕೊಳ್ಳಲೋ ತಿಳಿಯುತ್ತಿರಲಿಲ್ಲ. ಅವರು ಜರ್ಮನಿಗೆಂದು ಹೊಸ ಕ್ಯಾಮೆರಾ ತೆಗೆದುಕೊಂಡಿದ್ದರು, ರೀಲು ಹಾಕುವಂಥದ್ದು. ಸೀಬೆಹಣ್ಣು ಮಾರುತ್ತಿದ್ದ ಒಬ್ಬ ಅಜ್ಜಿಯ ಕೈಗೆ ಅದನ್ನು ಕೊಟ್ಟು ಎಲ್ಲಿ ಒತ್ತಬೇಕೆಂದು ತೋರಿಸಿದರು. ಅಜ್ಜಿ ಒತ್ತುವುದಕ್ಕೂ ಒಂದು ಕೋತಿ ಹಿಂದಿನಿಂದ ಬಂದು ನನ್ನ ಬ್ಯಾಗಿಗೆ ಕೈ ಹಾಕುವುದಕ್ಕೂ ಸರಿಹೋಯಿತು. ಫೋಟೊದಲ್ಲಿ ನಾನು ಬಾಯಿ ಬಿಟ್ಟು ಕಿರುಚುತ್ತಿದ್ದೇನೆ. ಅವರು ನನ್ನ ತೋಳು ಹಿಡಿದುಕೊಂಡು ಹಲ್ಲೆಲ್ಲ ಬಿಟ್ಟು ನಗುತ್ತಿದ್ದಾರೆ. ಒಂದು ಮೂಲೆಯಲ್ಲಿ ಅಜ್ಜಿಯ ಹೆಬ್ಬೆರಳು, ಇನ್ನೊಂದು ಮೂಲೆಯಲ್ಲಿ ಕ್ಯಾಮೆರಾ ತಾನೇ ಹಾಕಿದ ಕಿತ್ತಳೆ ಬಣ್ಣದ ತಾರೀಖು. ಹೊರಡುವ ಮುಂಚೆ ಅದನ್ನು ತೊಳೆಸಿ ನನಗೊಂದು ಪ್ರತಿ ಅಂಚೆಯಲ್ಲಿ ಕಳಿಸಿದ್ದರು. ನಾನು ಅದನ್ನು ತವರಿನ ಟ್ರಂಕಿನಲ್ಲಿ, ಹಳೆಯ ಸೀರೆಗಳ ಅಡಿಗೆ ಹಾಕಿಟ್ಟೆ.

ಅವರು ಹೋದರು. ಶ್ರಾವಣದಲ್ಲಿ ನಾನು ಚಿಕ್ಕಬಳ್ಳಾಪುರಕ್ಕೆ ಬಂದೆ, ಅಲ್ಲೇ ಒಂದು ಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದೆ. ನಾವಿಬ್ಬರೇ ಹೆಂಗಸರು ಒಂದು ಮನೆಯಲ್ಲಿ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಹೊಂದಿಕೊಂಡೆವು. ಅತ್ತೆ ರೇಗಿದರೆ ನಾನೂ ರೇಗುತ್ತಿದ್ದೆ, ಸಂಜೆಯ ಕಾಫಿಯ ಹೊತ್ತಿಗೆ ಇಬ್ಬರೂ ಮರೆತಿರುತ್ತಿದ್ದೆವು. ಒಂದು ಮಾತು ಮಾತ್ರ ನನ್ನನ್ನು ಇರಿಯುತ್ತಿತ್ತು. ಬೀದಿಯ ಹೆಂಗಸರು ಬಂದು ಕೂತಾಗಲೆಲ್ಲ ಅತ್ತೆ, "ನನ್ನ ಸೊಸೆ ಚಿನ್ನ ಕಣ್ರೀ. ಆಷಾಢ ಪೂರ್ತಿ ಒಂದು ದಿನಾನೂ ಈ ಕಡೆ ತಲೆ ಹಾಕ್ಲಿಲ್ಲ. ನನ್ನ ಮಗಾನೂ ಅಷ್ಟೇ, ಅಮ್ಮ ಹಾಕಿದ ಗೆರೆ ದಾಟಲ್ಲ" ಎನ್ನುತ್ತಿದ್ದರು. ನಾನು ತಲೆ ಬಗ್ಗಿಸಿ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ.

ಮರುವರ್ಷದ ಬೇಸಿಗೆ ರಜಕ್ಕೆ ಮೂರು ತಿಂಗಳ ವೀಸಾ ಹಾಕಿ ಬಾ ಎಂದು ಜರ್ಮನಿಯಿಂದ ಅವರು ಬರೆದಾಗ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಪಾಸ್‌ಪೋರ್ಟು, ಕಂಪನಿಯ ಪತ್ರ, ಇನ್ಶೂರೆನ್ಸು, ಮದುವೆ ನೋಂದಣಿಯ ಸರ್ಟಿಫಿಕೇಟು, ಎಲ್ಲ ಒಂದು ಫೈಲಿಗೆ ಸೇರಿದವು. ಅತ್ತೆ ಫೈಲಿನ ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟರು. ವೀಸಾ ಕೊಡುವ ಜರ್ಮನ್ ಕಾನ್ಸುಲೇಟ್ ಇದ್ದದ್ದು ಚೆನ್ನೈಯಲ್ಲಿ, ಖುದ್ದಾಗಿ ಹೋಗಬೇಕು. "ನೀನೊಬ್ಬಳೇ ಹೆಂಗೆ ಹೋಗ್ತೀಯಾ, ನಾನೂ ಬರ್ತೀನಿ ನಡಿ" ಎಂದು ಅತ್ತೆ ರಜೆ ಬರೆದರು. ಹೊರಡುವಾಗ ಆಲ್ಬಮನ್ನೂ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡರು. "ಮದ್ವೆ ಎಷ್ಟು ಜೋರಾಗಿ ಮಾಡಿದೀವಿ ಅಂತ ಅವರೂ ನೋಡ್ಲಿ."

ಗಾಜಿನ ಆಚೆ ಕೂತಿದ್ದವರು ಬೆಳ್ಳಿಗೂದಲಿನ ಒಬ್ಬ ಜರ್ಮನ್ ಹೆಂಗಸು. ಆಲ್ಬಮ್ ಕಿಟಕಿಯ ಸಂದಿಯಲ್ಲಿ ತೂರಲಿಲ್ಲ. ಪಕ್ಕದ ಬಾಗಿಲಿನಿಂದ ಒಬ್ಬರು ಬಂದು ಅದನ್ನು ಮಗುವಿನಂತೆ ಎತ್ತಿಕೊಂಡು ಒಳಗೆ ಹೋದರು. ಕಾಗದಗಳನ್ನೆಲ್ಲ ನೋಡಿದ ಮೇಲೆ ಆಕೆ ನಿಧಾನವಾದ ಇಂಗ್ಲಿಷಿನಲ್ಲಿ, "ಯುರೋಪಿಗೆ ಹಿಂದೆ ಯಾವಾಗಲಾದರೂ ಹೋಗಿದ್ದೀರಾ?" ಎಂದು ಕೇಳಿದರು.

"ಇಲ್ಲ, ಇದೇ ಮೊದಲು."

ಆಕೆ ಆಲ್ಬಮಿನ ಮೊದಲ ಪುಟ ತೆರೆದು ನನ್ನ ಕಡೆ ತಿರುಗಿಸಿದರು. ಹಿಮದ ಬೆಟ್ಟ. ಎರಡನೆಯ ಪುಟ. ಗಾಳಿಯಂತ್ರ. "ಹಾಗಾದರೆ ಇದು?"

ನನಗೆ ನಗು ಬಂದುಬಿಟ್ಟಿತು. ಆಕೆ ನಗಲಿಲ್ಲ. ನಾನು ಗಾಬರಿಯಲ್ಲಿ ಸ್ಟುಡಿಯೋ, ಕಂಪ್ಯೂಟರ್, ಫಾರಿನ್ ಸ್ಪೆಷಲ್ ಎಂದೆಲ್ಲ ಬಡಬಡಿಸಿದೆ. ಆಕೆ ಸಾವಧಾನವಾಗಿ ಕೇಳಿಸಿಕೊಂಡು ಮತ್ತೆರಡು ಪುಟ ಮಗುಚಿದರು. ಒಂದು ಧಾರೆಯದು, ಇನ್ನೊಂದು ಹಿಂದಿನ ಸಂಜೆಯ ಆರತಕ್ಷತೆಯದು. ಸೀರೆ ಬೇರೆ, ಹೂವು ಬೇರೆ, ಮುಖ ಮಾತ್ರ ಒಂದೇ: ಅದೇ ನಗು, ತಲೆಯ ಅದೇ ಓರೆ. ಧಾರೆಯ ಹೊತ್ತಿಗೆ ನಾನು ಕಣ್ಣು ಮುಚ್ಚಿದ್ದೆನೆಂದು ಸ್ಟುಡಿಯೋದವನು ಆರತಕ್ಷತೆಯ ಮುಖವನ್ನು ಕತ್ತರಿಸಿ ಅಲ್ಲಿಗೆ ಅಂಟಿಸಿದ್ದ. ಅಷ್ಟು ದಿನ ನಮ್ಮ ಮನೆಯಲ್ಲಿ ಯಾರ ಕಣ್ಣಿಗೂ ಬೀಳದ್ದು ಆಕೆಗೆ ಒಂದೇ ನೋಟಕ್ಕೆ ಕಂಡಿತ್ತು.

"ಬೆಟ್ಟವನ್ನು ತಂದು ಹಾಕಬಹುದು, ಮುಖವನ್ನು ತಂದು ಹಾಕಬಹುದು ಎಂದಾದರೆ," ಎಂದರು ಆಕೆ, "ಗಂಡನನ್ನೂ ತಂದು ಹಾಕಬಹುದಲ್ಲ? ಸರ್ಟಿಫಿಕೇಟ್ ಇದೆ, ಸರಿ. ಮದುವೆಯಾದ ಮೇಲೆ ಎಷ್ಟು ಕಾಲ ಜೊತೆಗಿದ್ದಿರಿ?"

"ಒಂದು ವಾರ."

"ಅವರು ಹೊರಟದ್ದು ಮದುವೆಯಾಗಿ ತಿಂಗಳಾದ ಮೇಲೆ. ನಡುವೆ?"

ಆಷಾಢವನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ, ಆಗ ಗೊತ್ತಾಗುತ್ತದೆ. ಅತ್ತೆ ಸೊಸೆ ಒಂದು ಹೊಸಿಲು ದಾಟಬಾರದು ಎಂದೆ. ಏಕೆ ಎಂದರು. ಒಂದು ತಿಂಗಳು ಎಂದೆ. ಗಂಡ ಎಲ್ಲಿದ್ದ ಎಂದರು. ಅತ್ತೆಯ ಜೊತೆ ಎಂದೆ. ಆ ಅತ್ತೆ ಈಗೆಲ್ಲಿ ಎಂದರು. ಹೊರಗೆ ಮರದ ಕೆಳಗೆ ನನಗಾಗಿ ಕಾಯುತ್ತಿದ್ದಾರೆ ಎಂದೆ. ಆಕೆಗೆ ನನ್ನನ್ನು ನಂಬುವ ಮನಸ್ಸಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಆದರೆ ನಂಬಲು ನಾನು ಏನೂ ಕೊಟ್ಟಿರಲಿಲ್ಲ. "ನಿಮ್ಮಿಬ್ಬರ ಮಾಮೂಲಿ ಫೋಟೊ ತನ್ನಿ," ಎಂದರು ಕೊನೆಗೆ. "ಸ್ಟುಡಿಯೋ ಮುಟ್ಟದೇ ಇರುವಂಥದ್ದು. ಮುಂದಿನ ವಾರ ಬನ್ನಿ."

ಹೊರಗೆ ಬಂದು ವಿಷಯ ಹೇಳಿದಾಗ ಅತ್ತೆಯ ಮುಖ ಇಳಿದುಹೋಯಿತು. "ಅಯ್ಯೋ ದೇವುಡಾ, ಒಂದು ಮಾಮೂಲಿ ಫೋಟೊ ಇಲ್ವಲ್ಲಮ್ಮ ನಮ್ಮ ಹತ್ರ! ಇದ್ದಿದ್ದೇ ಒಂದು ವಾರ, ಅದ್ರಲ್ಲಿ ನೆಂಟರ ಮನೆ ಊಟ ಉಣ್ಣೋದೇ ಆಯ್ತು." ರೈಲಿನಲ್ಲಿ ಊರು ಸೇರುವವರೆಗೂ ಆಲ್ಬಮನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನ ತಲೆಯಲ್ಲಿ ಶಿಡ್ಲಘಟ್ಟದ ಟ್ರಂಕು ಕೂತಿತ್ತು. ಅದನ್ನು ತೆಗೆದರೆ ಗಂಡನ ಹತ್ತಿರ ಹೋಗಬಹುದು, ಆದರೆ ಚಿನ್ನದಂಥ ಸೊಸೆ ಅಲ್ಲಿಗೆ ಮುಗಿದಳು.

ಮಾರನೆಯ ದಿನ ಅತ್ತೆ ನೇರವಾಗಿ ಸ್ಟುಡಿಯೋಕ್ಕೆ ನುಗ್ಗಿದರು. ಒರಿಜಿನಲ್ ಕೊಡು ಎಂದರೆ ಕಂಪ್ಯೂಟರ್ ಕೆಟ್ಟು ಎಲ್ಲ ಹೋಗಿದೆ ಎಂದ. ಅತ್ತೆ ತೆಲುಗಿಗೆ ಇಳಿದದ್ದೇ ಅವನು ಹೆದರಿ ನೀರು ತರಿಸಿದ. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, "ಅಮ್ಮಾ, ಮಾಮೂಲಿ ಫೋಟೊ ತಾನೇ ಬೇಕಾಗಿರೋದು? ಅಣ್ಣಾನೂ ಅಕ್ಕಾನೂ ನಿಮ್ಮನೆ ಅಡುಗೆಮನೇಲಿ ನಿಂತಿರೋ ಹಂಗೆ ಮಾಡ್ಕೊಡ್ತೀನಿ. ಪಕ್ಕದಲ್ಲಿ ಕುಕ್ಕರ್ ಇಡ್ತೀನಿ. ಬ್ರಹ್ಮ ಬಂದ್ರೂ ಗೊತ್ತಾಗಲ್ಲ" ಎಂದ. ಅತ್ತೆ ಅರೆಗಳಿಗೆ ಯೋಚಿಸಿದ್ದು ನನಗೆ ಕಾಣಿಸಿತು. ಕೈ ಹಿಡಿದು ಎಳೆದುಕೊಂಡು ಬಂದೆ.

ಭಾನುವಾರ ಅಮ್ಮನನ್ನು ನೋಡಿಬರುತ್ತೇನೆಂದು ಶಿಡ್ಲಘಟ್ಟಕ್ಕೆ ಹೋಗಿ ಫೋಟೊ ತಂದೆ. ಫೈಲಿನ ಕಟ್ಟಕಡೆಯಲ್ಲಿ, ಇನ್ಶೂರೆನ್ಸ್ ಕಾಗದದ ಹಿಂದೆ ಸಿಕ್ಕಿಸಿದೆ. ಗಾಜಿನ ಮುಂದೆ ತೆಗೆದು ತೋರಿಸಿ, ಮತ್ತೆ ಅಲ್ಲೇ ಇಟ್ಟು, ಏನೂ ಆಗದವಳಂತೆ ಹೊರಗೆ ಬರುವುದು ನನ್ನ ಲೆಕ್ಕಾಚಾರ. ಅತ್ತೆಗೆ ಏನು ಹೇಳುವುದು ಎನ್ನುವುದನ್ನು ದೇವರಿಗೆ ಬಿಟ್ಟಿದ್ದೆ.

ಚೆನ್ನೈಯಲ್ಲಿ ಗೇಟಿನ ಮುಂದೆ ಸಾಲು ನಿಂತಿತ್ತು. ಬಿಸಿಲು ಬೆಳಗ್ಗೆಯೇ ಬೆನ್ನು ಸುಡುತ್ತಿತ್ತು. "ಕೊಡು ಇಲ್ಲಿ, ಎಲ್ಲಾ ಇದೆಯಾ ಒಂದ್ಸಲ ನೋಡ್ಬಿಡ್ತೀನಿ" ಎಂದು ಅತ್ತೆ ಫೈಲು ಕಿತ್ತುಕೊಂಡರು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಒಂದೊಂದೇ ಕಾಗದ ಮಗುಚಿ ಕಡೆಗೆ ಬಂದುಬಿಟ್ಟರು. ಕನ್ನಡಕ ಸರಿಮಾಡಿಕೊಂಡರು. ಕ್ಯಾಲೆಂಡರಿನ ಜೊತೆಯಲ್ಲೇ ಬದುಕಿದ ಹೆಂಗಸಿಗೆ ಆ ಕಿತ್ತಳೆ ಬಣ್ಣದ ತಾರೀಖು ಯಾವ ತಿಂಗಳಿನದೆಂದು ಬೆರಳು ಮಡಚಿ ನೋಡಬೇಕಾಗಿರಲಿಲ್ಲ. ಬೈಯುತ್ತಾರೆ, ಫೈಲನ್ನು ಅಲ್ಲೇ ಎಸೆದು ಹೋಗುತ್ತಾರೆ, ಇಷ್ಟು ದಿನ ಬೀದಿಯ ಮುಂದೆ ನನ್ನ ಬಾಯಿಂದ ಹೊಗಳಿಸಿಕೊಂಡೆಯಲ್ಲ ಎನ್ನುತ್ತಾರೆ ಎಂದು ಕಾದೆ. ಅಷ್ಟರಲ್ಲಿ ಗೇಟಿನವನು ನನ್ನ ಸರದಿ ಕೂಗಿದ. ಅತ್ತೆ ಫೋಟೊವನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಫೈಲನ್ನು ನನ್ನ ಕೈಗೆ ಕೊಟ್ಟರು.

"ಮೊದ್ಲು ಇದನ್ನೇ ತೋರ್ಸು" ಎಂದರು. ನನ್ನ ಮುಖ ನೋಡಲಿಲ್ಲ.

ಒಳಗೆ ಅದೇ ಬೆಳ್ಳಿಗೂದಲಿನ ಹೆಂಗಸು. ಫೋಟೊವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು, ಹಿಂದೆ ತಿರುಗಿಸಿದರು, ಮತ್ತೆ ಮುಂದೆ. "ಇದು ಯಾರ ಬೆರಳು?"

"ಸೀಬೆಹಣ್ಣು ಮಾರುವ ಅಜ್ಜಿಯದು."

"ಇದು?"

"ಕೋತಿಯ ಕೈ. ನನ್ನ ಬ್ಯಾಗಿನಲ್ಲಿ ಬಿಸ್ಕತ್ತು ಇತ್ತು."

ಆಕೆಯ ತುಟಿ ಅಲುಗಿತು. ತಾರೀಖಿನ ಮೇಲೆ ಬೆರಳಿಟ್ಟು, "ನೀವು ಭೇಟಿಯಾಗಲೇ ಇಲ್ಲ ಎಂದ ತಿಂಗಳಲ್ಲವೇ ಇದು?" ಎಂದರು.

"ಹೌದು. ಭೇಟಿಯಾಗಬಾರದಿತ್ತು. ಆದೆವು."

"ನಿಮ್ಮ ಅತ್ತೆಗೆ ಗೊತ್ತೇ?"

"ಈಗ ತಾನೇ, ನಿಮ್ಮ ಗೇಟಿನ ಮುಂದೆ ಗೊತ್ತಾಯಿತು."

ಆಕೆ ಕುರ್ಚಿಗೆ ಒರಗಿ ಮನಸಾರೆ ನಕ್ಕರು. ಪಕ್ಕದ ಕಿಟಕಿಯವರು ತಿರುಗಿ ನೋಡಿದರು. ಮಧ್ಯಾಹ್ನ ಬಂದು ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ ಎಂದಾಗ ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಕೊಟ್ಟರು, ವೀಸಾ ಕೊಟ್ಟರು, ನಾನು ಹೋಗುತ್ತೇನೆ! ಆ ಮೆಟ್ಟಿಲುಗಳನ್ನು ಇಳಿದದ್ದೇ ನೆನಪಿಲ್ಲ. ಗೇಟಿನವನಿಗೆ ಕನ್ನಡದಲ್ಲೇ ಥ್ಯಾಂಕ್ಸ್ ಕಣಣ್ಣಾ ಎಂದದ್ದು ಮಾತ್ರ ನೆನಪಿದೆ.

ಅತ್ತೆ ಮರದ ಕೆಳಗೆ ಫುಟ್‌ಪಾತಿನ ಅಂಚಿನ ಮೇಲೆ ಕೂತಿದ್ದರು. "ಸಿಕ್ತು ಅತ್ತೆ!" ಎಂದು ಕೂಗಿಕೊಂಡೇ ಹೋದೆ. ಅವರು ಕಣ್ಣು ಮುಚ್ಚಿ ಕೈ ಮುಗಿದರು. ಸೆರಗಿನಿಂದ ಮುಖ ಒರೆಸಿಕೊಂಡರು. ನಾನೂ ಪಕ್ಕದಲ್ಲಿ ಕೂತೆ.

"ಬೈಯ್ಬಿಡಿ ಅತ್ತೆ" ಎಂದೆ.

"ಬೈಯೋಕೆ ನನಗೆಲ್ಲಿದೆ ಮುಖ" ಎಂದರು. ಅವರು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. "ಜೋಯಿಸ್ರು ಅವತ್ತೇ ಹೇಳಿದ್ರು ಕಣೇ. ಹುಡುಗ ದೇಶ ಬಿಟ್ಟು ಹೋಗ್ತಾ ಇದಾನೆ, ನೀವು ಬೇಕಾದ್ರೆ ಚಿಂತಾಮಣಿಗೆ ಹೋಗಿ ತವರಲ್ಲಿರಿ, ಅವರಿಬ್ರೂ ಮನೇಲಿರ್ಲಿ, ಏನೂ ದೋಷ ಇಲ್ಲ ಅಂದ್ರು. ನಾನು ಯಾರಿಗೂ ಹೇಳ್ಲಿಲ್ಲ. ನಿಮ್ಮಮ್ಮ ಕೇಳಿದ್ರೂ ಹೇಳ್ಲಿಲ್ಲ. ಶಾಸ್ತ್ರಾನೂ ಇಲ್ಲ, ಗೀಸ್ತ್ರಾನೂ ಇಲ್ಲ. ಹೊರಟೋಗ್ತಾನಲ್ಲ, ಅದೊಂದು ತಿಂಗಳು ನನಗೊಬ್ಬಳಿಗೇ ಇರ್ಲಿ ಅನ್ನಿಸ್ತು, ಅಷ್ಟೇ."

ನನಗೆ ಸಿಟ್ಟು ಬಂತು. ಸುಳ್ಳೇಕೆ ಹೇಳಲಿ, ಹಣೆಯ ನರ ಎದ್ದು ನಿಲ್ಲುವಷ್ಟು ಬಂತು. ಒಂದು ಇಡೀ ತಿಂಗಳು! ಗೂಡಿನ ವಾಸನೆಯ ನಡುವೆ ಕೂತು ನಾನು ಅತ್ತ ಒಂದೊಂದು ದಿನವೂ ಕಣ್ಣ ಮುಂದೆ ಬಂತು. ಏನಾದರೂ ಅನ್ನಬೇಕೆಂದು ತಿರುಗಿದೆ. ಅತ್ತೆ ಮತ್ತೆ ಆ ಫೋಟೊ ಬೇಕೆಂದು ಕೈ ಚಾಚಿದ್ದರು. ಕೊಟ್ಟೆ. ಮಗನ ಮುಖವನ್ನು ಹೆಬ್ಬೆರಳಿನಿಂದ ಸವರಿದರು. "ನನ್ನ ಜೊತೆ ಇದ್ದ ತಿಂಗಳೆಲ್ಲಾ ಹಿಂಗೆ ನಗ್ಲೇ ಇಲ್ಲ ಕಣೇ ಇವನು" ಎಂದರು.

ರಸ್ತೆಯ ಆಚೆ ಒಂದು ಐಎಸ್‌ಡಿ ಬೂತ್ ಇತ್ತು. ಜರ್ಮನಿಯಲ್ಲಿ ಆಗ ಬೆಳಗಿನ ಹೊತ್ತು, ಅವರು ಕೆಲಸಕ್ಕೆ ಹೊರಡುವ ಮುಂಚೆ ಸಿಗುತ್ತಾರೆಂದು ನನಗೆ ಗೊತ್ತಿತ್ತು. ಅತ್ತೆಯನ್ನು ಎಬ್ಬಿಸಿಕೊಂಡು ಓಡಿದೆ. ನಂಬರು ಒತ್ತಿದೆ. ಹೇಗೆ ಹೇಳಲಿ, ಮೊದಲು ಏನು ಹೇಳಲಿ, ಅಳುತ್ತೇನೋ ಕಿರುಚುತ್ತೇನೋ ಒಂದೂ ತಿಳಿಯದು. ಆ ಕಡೆಯಿಂದ "ಹಲೋ" ಎಂದರು. "ಸಿಕ್ತೂರೀ!" ಎಂದೆ. ಅವರು ಕಿವಿ ಹಾರಿಹೋಗುವಂತೆ ಕೂಗಿದರು, ಬೂತಿನವನಿಗೂ ಕೇಳಿಸಿರಬೇಕು. ಯಾವಾಗ, ಹೇಗೆ, ಏನು ತೋರಿಸಿದೆ, ಅವರೇನಂದರು ಎಂದು ಒಂದೇ ಉಸಿರಿನಲ್ಲಿ ಕೇಳತೊಡಗಿದರು. ಹೇಳಲು ನನ್ನ ಎದೆಯಲ್ಲಿ ಒಂದು ವರ್ಷದ ಮಾತಿತ್ತು.

ಪಕ್ಕದಲ್ಲಿ ಅತ್ತೆ ಫೋನನ್ನೇ ನೋಡುತ್ತ ನಿಂತಿದ್ದರು. ಕೊಡು ಎಂದು ಕೇಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

"ಅಮ್ಮ ಇದಾರೆ, ಮಾತಾಡಿ" ಎಂದು ರಿಸೀವರನ್ನು ಅವರ ಕೈಗೆ ಕೊಟ್ಟೆ.

"ಏನೋ, ಬೆಂಗಳೂರಿಗೆ ಹೋಗ್ತೀನಿ ಅಂತ ಬೆಟ್ಟ ಹತ್ತಿದ್ಯಂತೆ?" ಎಂದರು ಅತ್ತೆ. ಅತ್ತೆ ಅಳುತ್ತಲೇ ನಗತೊಡಗಿದರು. "ಆಯ್ತು ಬಿಡಪ್ಪ, ಹೆದರ್ಕೋಬೇಡ. ಕಳಿಸ್ತಾ ಇದೀನಿ. ತಿಂಡಿ ತಿಂದ್ಯಾ?"

ಅವರು ಏನು ತಿಂದರೆಂದು ಹೇಳಿದರು, ಅತ್ತೆ ಇನ್ನೇನೋ ಕೇಳಿದರು, ಆಮೇಲೆ ಮತ್ತೇನೋ. ನಡುವೆ ಒಮ್ಮೆ ಅತ್ತೆ ನನ್ನ ಕಡೆ ತಿರುಗಿ ರಿಸೀವರ್ ಚಾಚಿದರು. ನಾನು ಬೇಡವೆಂದು ತಲೆಯಾಡಿಸಿ, ಹೊರಗೆ ಬಂದು ಬೂತಿನ ಬಾಗಿಲನ್ನು ಮುಚ್ಚಿದೆ. ನನಗೆ ಮಾತಾಡಲು ಮೂರು ತಿಂಗಳಿತ್ತು.